ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ: ಒಂದು ಪ್ರಯಾಣಪಟ್ಟಿಗೆ ವ್ಯಾಖ್ಯಾನ

ಮಗನೋ ಮಗಳೋ ಕ್ಯಾಲಿಫೋರ್ನಿಯದಲ್ಲಿರುವ ಮನೆಗಳಲ್ಲಿ ಹಿರಿಯರು ಬಾಯಿಪಾಠ ಮಾಡಿಕೊಂಡಿರುವ ಪುಟ್ಟ ಪಠ್ಯವೊಂದಿದೆ. ಅದರಲ್ಲಿ ಊರು, ಅಂಕಿ, ಗಂಟೆ, ವಾರ ಬಿಟ್ಟರೆ ಬೇರೇನೂ ಇಲ್ಲ. ಓದುವಾಗ ಎಲ್ಲವೂ ಸ್ಪಷ್ಟ ಅನ್ನಿಸುತ್ತದೆ. ಲೆಕ್ಕ ಹಾಕಲು ಕೂತರೆ ಒಂದು ಸಾಲಿಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ದೂರ ಒಂದೇ ಆಗಿರುವಾಗ ಹೋಗುವುದಕ್ಕೆ ಹಿಡಿಯುವ ಹೊತ್ತು ಬೇರೆ, ಬರುವುದಕ್ಕೆ ಹಿಡಿಯುವ ಹೊತ್ತು ಬೇರೆ ಹೇಗಾಯಿತು? ಮಧ್ಯಾಹ್ನ ಎರಡೂವರೆಗೆ ಹೊರಟು ಹದಿನಾರು ಗಂಟೆ ಹಾರಿದವರು ಅದೇ ದಿನ ಸಂಜೆ ಐದಕ್ಕೆ ಇಳಿಯುವುದೆಂದರೇನು?

ಈ ಪಠ್ಯಕ್ಕೆ ವ್ಯಾಖ್ಯಾನ ಬೇಕು ಎಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಇದನ್ನು ಹೆಚ್ಚು ಆಸ್ಥೆಯಿಂದ ಓದುವವರು ಮೊದಲ ಬಾರಿ ವಿಮಾನ ಹತ್ತಲಿರುವ ತಂದೆತಾಯಿಗಳು. ಅವರಿಗೆ ಸಿಗುವ ಉತ್ತರವೋ, ‘ಅದೆಲ್ಲ ಹಾಗೇ ಅಮ್ಮಾ, ನೀವು ಕೂತುಕೊಳ್ಳಿ ಸಾಕು’ ಎಂಬುದು. ಕೂತರೆ ಸಾಲದು ಎಂದು ನಾನು ನಂಬಿದ್ದೇನೆ. ಈ ಪಟ್ಟಿಯಲ್ಲಿ ನೆಲಕ್ಕೆ ಸೇರಿದ ಅಂಕಿ ಒಂದೇ ಒಂದು. ಉಳಿದವು ಗಾಳಿಗೆ, ಸೂರ್ಯನಿಗೆ, ದೇಶಗಳ ಗಡಿಗೆ, ರೆಕ್ಕೆಯೊಳಗಿನ ಇಂಧನಕ್ಕೆ ಸೇರಿದವು. ಯಾವುದು ಯಾರದು ಎಂದು ತಿಳಿದರೆ ಪಟ್ಟಿಯ ಗಂಟು ತಾನಾಗಿ ಬಿಡಿಸಿಕೊಳ್ಳುತ್ತದೆ.

ಪಠ್ಯವನ್ನು 2021ರ ಜನವರಿಯ ವೇಳೆಗೆ ಹೊಂದಿಸಿ ಕೊಟ್ಟಿದ್ದೇನೆ. ಆ ತಿಂಗಳೇ ಈ ಎರಡು ಊರುಗಳ ನಡುವೆ ಏರ್ ಇಂಡಿಯಾದ ನಿಲುಗಡೆಯಿಲ್ಲದ ಹಾರಾಟ ಮೊದಲಾಯಿತು.

ಮೂಲ

1. ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ.
2. ಆಕಾಶದೂರ: ಸುಮಾರು 14,000 ಕಿ.ಮೀ.
3. ವಿಮಾನದ ವೇಗ: ಗಂಟೆಗೆ ಸುಮಾರು 900 ಕಿ.ಮೀ.
4. ಹಾರಾಟದ ಅವಧಿ: 16 ಗಂಟೆ.
5. ವೇಳೆಯ ವ್ಯತ್ಯಾಸ: 13 ಗಂಟೆ 30 ನಿಮಿಷ.
6. ಹೊರಡುವುದು ಸೋಮವಾರ ಮಧ್ಯಾಹ್ನ 2:30, ತಲುಪುವುದು ಸೋಮವಾರ ಸಂಜೆ 5:00.
7. ಹಿಂದಿರುಗುವಾಗ: ಹೊರಡುವುದು ಶನಿವಾರ ರಾತ್ರಿ 8:30, ತಲುಪುವುದು ಸೋಮವಾರ ಬೆಳಗಿನ ಜಾವ 3:45. ಅವಧಿ 17 ಗಂಟೆ 45 ನಿಮಿಷ.
8. ನಡುವೆ ನಿಲುಗಡೆ: ಇಲ್ಲ.

‘ಬೆಂಗಳೂರು – ಸ್ಯಾನ್ ಫ್ರಾನ್ಸಿಸ್ಕೊ’

ಇಲ್ಲಿ ಬೆಂಗಳೂರು ಎಂದರೆ ದೇವನಹಳ್ಳಿಯ ಬಳಿಯ ಕೆಂಪೇಗೌಡ ನಿಲ್ದಾಣದ ರನ್‌ವೇ. ಸ್ಯಾನ್ ಫ್ರಾನ್ಸಿಸ್ಕೊ ಎಂದರೆ ಆ ನಗರದ ದಕ್ಷಿಣಕ್ಕೆ ಇಪ್ಪತ್ತು ಕಿಲೋಮೀಟರ್ ಆಚೆ, ಕೊಲ್ಲಿಯ ನೀರಿಗೆ ಅಂಟಿಕೊಂಡಿರುವ ಇನ್ನೊಂದು ರನ್‌ವೇ. ಜಯನಗರದಿಂದ ದೇವನಹಳ್ಳಿಗೆ ಹೋಗುವ ಹೊತ್ತು, ಅಲ್ಲಿ ಇಳಿದ ಮೇಲೆ ಸ್ಯಾನ್ ಹೊಸೆಗೋ ಫ್ರೀಮಾಂಟಿಗೋ ಹೋಗುವ ಹೊತ್ತು ಪಟ್ಟಿಯ ಹೊರಗಿನವು.

ಇನ್ನೊಂದು ಸಂಗತಿಯನ್ನು ಈಗಲೇ ಹೇಳಿಡುತ್ತೇನೆ, ಎಂಟನೆಯ ಸಾಲಿನಲ್ಲಿ ಬೇಕಾಗುತ್ತದೆ. ನಮ್ಮ ರನ್‌ವೇ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ, ಅವರದು ನಾಲ್ಕು ಮೀಟರ್ ಎತ್ತರದಲ್ಲಿದೆ.

‘ಆಕಾಶದೂರ: ಸುಮಾರು 14,000 ಕಿ.ಮೀ.’

ನೆಲಕ್ಕೆ ಸೇರಿದ ಅಂಕಿ ಎಂದೆನಲ್ಲ, ಅದು ಇದು. ಎರಡೂ ಊರುಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಪಿಯುಸಿ ಓದಿದವರು ಕಾಗದದ ಮೇಲೆಯೇ ಇದನ್ನು ಕಂಡುಹಿಡಿಯಬಹುದು. ಬೆಂಗಳೂರಿನ ನಿಲ್ದಾಣ 13.2 ಡಿಗ್ರಿ ಉತ್ತರ, 77.7 ಡಿಗ್ರಿ ಪೂರ್ವ. ಸ್ಯಾನ್ ಫ್ರಾನ್ಸಿಸ್ಕೊದ್ದು 37.6 ಉತ್ತರ, 122.4 ಪಶ್ಚಿಮ. ಭೂಮಿಯ ಕೇಂದ್ರದಿಂದ ಈ ಎರಡು ಊರುಗಳಿಗೆ ಗೆರೆ ಎಳೆದರೆ ನಡುವಿನ ಕೋನ ಸುಮಾರು 125.8 ಡಿಗ್ರಿ. ಭೂಮಿಯ ಮೇಲೆ ಒಂದು ಡಿಗ್ರಿ ಎಂದರೆ 111 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಗುಣಿಸಿದರೆ 13,990ರ ಆಸುಪಾಸಿಗೆ ಬರುತ್ತದೆ. ಪೈಲಟ್‌ಗಳ ಲೆಕ್ಕ ಇನ್ನೂ ಸುಲಭ. ಒಂದು ಡಿಗ್ರಿಗೆ ಅರವತ್ತು ನಾಟಿಕಲ್ ಮೈಲಿ, ಅಂದರೆ 7,550 ನಾಟಿಕಲ್ ಮೈಲಿ. ಭೂಮಿಯ ಸುತ್ತಳತೆ 40,000 ಕಿಲೋಮೀಟರ್. ಎರಡು ಊರುಗಳು ಎಷ್ಟೇ ದೂರವಿದ್ದರೂ 20,000 ಕಿಲೋಮೀಟರ್ ಮೀರುವಂತಿಲ್ಲ, ಅದರಾಚೆ ಹೋದರೆ ಇನ್ನೊಂದು ಕಡೆಯಿಂದ ಹತ್ತಿರವಾಗತೊಡಗುತ್ತದೆ. ಮಗಳ ಊರು ‘ಭೂಮಿಯ ಇನ್ನೊಂದು ತುದಿ’ ಎಂದು ಕೊರಗುವವರಿಗೆ ಈ ಲೆಕ್ಕ ತೋರಿಸಬೇಕು: ಆ ತುದಿಗೆ ಇನ್ನೂ 6,000 ಕಿಲೋಮೀಟರ್ ಬಾಕಿಯಿದೆ.

ಆದರೆ ಯಾವ ದಾರಿಯಲ್ಲಿ 14,000? ಗೋಡೆಗೆ ನೇತುಹಾಕಿದ ಭೂಪಟದಲ್ಲಿ ಎರಡು ಊರುಗಳ ನಡುವೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅರಬ್ಬಿ ಸಮುದ್ರ, ಆಫ್ರಿಕ, ಅಟ್ಲಾಂಟಿಕ್ ದಾಟಿ ಹೋಗುತ್ತದೆ. ಅದು ಹತ್ತಿರದ ದಾರಿ ಅಲ್ಲವೇ ಅಲ್ಲ. ಮಕ್ಕಳ ಮೇಜಿನ ಮೇಲಿನ ಗೋಳ ತಂದು ಎರಡು ಊರುಗಳ ಮೇಲೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ಸರ್ರನೆ ಉತ್ತರಕ್ಕೆ ಜಾರುತ್ತದೆ. ಬೆಂಗಳೂರಿನಿಂದ ಈಶಾನ್ಯಕ್ಕೂ ಹೆಚ್ಚು ಉತ್ತರಕ್ಕೆ ವಾಲಿ ತೆಲಂಗಾಣ, ವಿದರ್ಭದ ಅಂಚು, ಉತ್ತರ ಪ್ರದೇಶದ ಮಿರ್ಜಾಪುರದ ಆಸುಪಾಸು, ನೇಪಾಳದ ಅನ್ನಪೂರ್ಣಾ ಶಿಖರಗಳು, ಟಿಬೆಟ್, ಮಂಗೋಲಿಯದ ಪಶ್ಚಿಮ ಭಾಗ, ಬೈಕಲ್ ಸರೋವರದ ಪಶ್ಚಿಮದ ಕಾಡು, ಯಾಕುಟಿಯ, ಸೈಬೀರಿಯದ ಉತ್ತರದ ಹೆಪ್ಪುಗಟ್ಟಿದ ಸಮುದ್ರ ಎಲ್ಲ ದಾಟುತ್ತದೆ. ಅಲ್ಲಿ 71 ಡಿಗ್ರಿ ಉತ್ತರ ಮುಟ್ಟಿ ತಿರುಗಿ ಕೆಳಕ್ಕೆ ಇಳಿಯತೊಡಗುತ್ತದೆ. ಅಲಾಸ್ಕ, ಕೆನಡದ ಪಶ್ಚಿಮ ಕರಾವಳಿಯಾಚೆಯ ಪೆಸಿಫಿಕ್, ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೊ. ಮಿರ್ಜಾಪುರದ ಪಕ್ಕದಲ್ಲಿ ಹಾದುಹೋಗುವುದು ಆಕಸ್ಮಿಕ, ಆದರೆ ನನಗೆ ಇಷ್ಟವಾದ ಆಕಸ್ಮಿಕ. ಭಾರತದ ಗಡಿಯಾರ ನಿಂತಿರುವ 82.5 ಡಿಗ್ರಿ ರೇಖಾಂಶ ಹಾಯುವುದು ಅಲ್ಲಿಯೇ.

ಈ ದಾರದ ಮೇಲೆ ವಿಮಾನಗಳು ಹಾಗೆಯೇ ಹಾರುವುದಿಲ್ಲ. ಮೊದಲ ಅಡ್ಡಿ ಹಿಮಾಲಯ ಮತ್ತು ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಕೆಟ್ಟರೆ ಕೂಡಲೇ 3,000 ಮೀಟರ್ ಎತ್ತರಕ್ಕೆ ಇಳಿಯಬೇಕು, ಏಕೆಂದರೆ ತಲೆಯ ಮೇಲಿನಿಂದ ಉದುರುವ ಮುಖವಾಡದಲ್ಲಿ ಆಮ್ಲಜನಕ ಇರುವುದು ಕಾಲು ಗಂಟೆಯ ಆಸುಪಾಸಿನ ಹೊತ್ತಿಗೆ ಮಾತ್ರ. ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರಿಗಿಂತ ಎತ್ತರ. ಇಳಿಯುವುದೆಲ್ಲಿಗೆ? ಎರಡನೆಯ ಅಡ್ಡಿ ದೇಶಗಳು. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕದ, ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿಹೋಯಿತು. ಭಾರತದ ವಿಮಾನಗಳಿಗೆ ತೆರೆದೇ ಉಳಿಯಿತು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿತು. ಭೂಮಿಯ ಮೇಲಿನ ಎರಡು ಊರುಗಳ ಅಂತರ ಯಾವ ಯುದ್ಧಕ್ಕೂ ಬದಲಾಗುವುದಿಲ್ಲ. ಅದನ್ನು ಕ್ರಮಿಸಲು ಹಾರಬೇಕಾದ ದೂರ ಬೆಳಗಾಗುವುದರೊಳಗೆ ಬದಲಾಗಬಹುದು.

‘ವಿಮಾನದ ವೇಗ: ಗಂಟೆಗೆ ಸುಮಾರು 900 ಕಿ.ಮೀ.’; ‘ಹಾರಾಟದ ಅವಧಿ: 16 ಗಂಟೆ’

ಈ ಎರಡು ಸಾಲುಗಳನ್ನು ಕೂಡಿಸಿಯೇ ಅನ್ವಯಿಸಬೇಕು. 14,000ವನ್ನು 900ರಿಂದ ಭಾಗಿಸಿದರೆ ಹದಿನೈದೂವರೆ ಗಂಟೆ. ಏರುವುದಕ್ಕೆ, ಇಳಿಯುವುದಕ್ಕೆ, ನೆಲದ ಮೇಲೆ ತೆವಳುವುದಕ್ಕೆ ಅರ್ಧ ಗಂಟೆ ಸೇರಿಸಿದರೆ ಹದಿನಾರು. ಎಷ್ಟು ಚೆನ್ನಾಗಿ ಹೊಂದಿತು ಎಂದು ಇಲ್ಲಿ ಪುಸ್ತಕ ಮುಚ್ಚುವವರೇ ಹೆಚ್ಚು. ಆದರೆ ಏಳನೆಯ ಸಾಲು ಕಾದಿದೆ: ಅದೇ ದೂರ, ಅದೇ ಜಾತಿಯ ವಿಮಾನ, ಹದಿನೇಳೂ ಮುಕ್ಕಾಲು ಗಂಟೆ. ಹೀಗಾಗಬೇಕಾದರೆ ಇಲ್ಲಿನ ಹೊಂದಾಣಿಕೆಯಲ್ಲಿ ಏನೋ ಅಡಗಿರಲೇಬೇಕು.

ಅಡಗಿರುವುದು ಗಾಳಿ. ವಿಮಾನದ 900 ಕಿಲೋಮೀಟರ್ ವೇಗ ತನ್ನ ಸುತ್ತಲಿನ ಗಾಳಿಗೆ ಹೋಲಿಸಿದ ವೇಗ. ಆ ಗಾಳಿಯೇ ಹರಿಯುತ್ತಿದ್ದರೆ ನೆಲದ ಮೇಲಿನ ಲೆಕ್ಕ ಬೇರೆಯಾಗುತ್ತದೆ, ತುಂಬು ಹೊಳೆಯಲ್ಲಿ ದೋಣಿ ಹೊಳೆಯ ಜೊತೆ ಹೋಗುವುದಕ್ಕೂ ಎದುರಾಗಿ ಹೋಗುವುದಕ್ಕೂ ಇರುವ ವ್ಯತ್ಯಾಸದಂತೆ. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ವಿಮಾನಗಳು ಹಾರುವ ಮಟ್ಟದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹರಿವಿದೆ. ಬಿಸಿ ಉಷ್ಣವಲಯಕ್ಕೂ ತಣ್ಣನೆಯ ಧ್ರುವಪ್ರದೇಶಕ್ಕೂ ಇರುವ ತಾಪದ ಅಂತರ ಅದನ್ನು ಹುಟ್ಟಿಸುತ್ತದೆ, ಭೂಮಿಯ ತಿರುಗುವಿಕೆ ಅದಕ್ಕೆ ಪೂರ್ವದ ದಿಕ್ಕು ಕೊಡುತ್ತದೆ. ಚಳಿಗಾಲದಲ್ಲಿ ತಾಪದ ಅಂತರ ಹೆಚ್ಚು, ಹರಿವೂ ಹೆಚ್ಚು. ಗಂಟೆಗೆ 150 ಕಿಲೋಮೀಟರ್ ಅಲ್ಲಿ ಸಾಮಾನ್ಯ, ಜಪಾನಿನ ಮೇಲೆ 300 ದಾಟುವುದೂ ಉಂಟು.

ಜಪಾನಿನ ಹೆಸರು ಬಂದದ್ದರಿಂದ ಒಬ್ಬರನ್ನು ನೆನೆಯಲೇಬೇಕು. ಹವಾಮಾನ ವಿಜ್ಞಾನಿ ವಸಾಬುರೊ ಒಯಿಶಿ ಟಟೆನೊ ಎಂಬಲ್ಲಿನ ವೀಕ್ಷಣಾಲಯದಿಂದ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ಅವು ಮೇಲೇರುತ್ತ ಪೂರ್ವಕ್ಕೆ ಓಡಿಹೋಗುವುದನ್ನು ದೂರದರ್ಶಕದಲ್ಲಿ ಅಳೆದರು. ಜಗತ್ತಿನ ಎಲ್ಲ ಜನರಿಗೂ ತಲುಪಲಿ ಎಂದು ತಮ್ಮ ವರದಿಯನ್ನು 1926ರಲ್ಲಿ ಎಸ್ಪೆರಾಂಟೊ ಎಂಬ ಕೃತಕ ವಿಶ್ವಭಾಷೆಯಲ್ಲಿ ಪ್ರಕಟಿಸಿದರು. ಅದನ್ನು ಓದಬಲ್ಲವರು ಬೆರಳೆಣಿಕೆಯಷ್ಟು. 1944ರಲ್ಲಿ ಅಮೆರಿಕದ ಬಾಂಬರ್ ವಿಮಾನಗಳು ಟೋಕಿಯೊ ಮೇಲೆ ಹಾರಿ ಆ ಗಾಳಿಗೆ ಸಿಕ್ಕಿ ಗುರಿ ತಪ್ಪಿದಾಗ ಆ ಪೈಲಟ್‌ಗಳಿಗೆ ಅದು ಹೊಸದು. ಇವತ್ತು ನಮ್ಮವರು ಅದೇ ಗಾಳಿಯ ಬೆನ್ನೇರಿ ಮೊಮ್ಮಕ್ಕಳನ್ನು ನೋಡಲು ಹೋಗುತ್ತಾರೆ. ಒಯಿಶಿಯವರ ಹೆಸರು ಶಾಲೆಯ ಪುಸ್ತಕಗಳಲ್ಲಿ ಇರಬೇಕು ಎಂಬುದು ನನ್ನ ಆಸೆ.

ಗಾಳಿಯ ಶಕ್ತಿ ಎಷ್ಟೆಂದು ತೋರಿಸುವ ಉದಾಹರಣೆ ದೆಹಲಿಯದು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಗೋಳದ ಮೇಲೆ ದಾರ ಎಳೆದರೆ ಸುಮಾರು 12,400 ಕಿಲೋಮೀಟರ್. ಏರ್ ಇಂಡಿಯಾ ಮೊದಲು ಅಟ್ಲಾಂಟಿಕ್ ಕಡೆಯಿಂದ ಸುಮಾರು 13,900 ಕಿಲೋಮೀಟರ್ ಹಾರಿ ಹೋಗುತ್ತಿತ್ತು, ಎದುರುಗಾಳಿಯಲ್ಲಿ. 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಕಡೆಗೆ ತಿರುಗಿಸಿತು. ದೂರ 15,300ಕ್ಕೆ ಏರಿತು, ಹೊತ್ತು ಹದಿನಾಲ್ಕೂವರೆ ಗಂಟೆಗೆ ಇಳಿಯಿತು. ಹಿಂದಿನ ದಾರಿಗಿಂತ ಸುಮಾರು ಎರಡು ಗಂಟೆ ಕಡಿಮೆ. ಭಾಗಿಸಿ ನೋಡಿ: ಸರಾಸರಿ ಗಂಟೆಗೆ 1,055 ಕಿಲೋಮೀಟರ್. ಆ ಎತ್ತರದ ಕೊರೆಯುವ ಚಳಿಯಲ್ಲಿ ಶಬ್ದದ ವೇಗವೇ ಗಂಟೆಗೆ 1,060ರ ಹತ್ತಿರ. ಹಾಗೆಂದು ವಿಮಾನ ಶಬ್ದದ ಬೆನ್ನುಹತ್ತಿತ್ತು ಅಂದುಕೊಳ್ಳಬಾರದು. ಅದು ತನ್ನ ಗಾಳಿಯಲ್ಲಿ ಎಂದಿನ 900ರಲ್ಲೇ ಇತ್ತು, ಗಾಳಿ ಅದನ್ನು ಹೊತ್ತು ನಡೆದಿತ್ತು.

ಇದರಿಂದ ಹುಟ್ಟುವ ಒಂದು ತಪ್ಪು ಎಣಿಕೆಯನ್ನು ಇಲ್ಲಿಯೇ ತಿದ್ದಬೇಕು. ಹೋಗುವಾಗ ಗಾಳಿಯಿಂದ ಉಳಿದ ಹೊತ್ತು ಬರುವಾಗ ಕಳೆದುಹೋಗುತ್ತದೆ, ಒಟ್ಟು ಸಮ ಎಂದು ಹಲವರು ಹೇಳುತ್ತಾರೆ. ಸಮ ಆಗುವುದಿಲ್ಲ. ಗಾಳಿ 150 ಎಂದಿಟ್ಟುಕೊಳ್ಳಿ. ಜೊತೆಗಾಳಿಯಲ್ಲಿ ನೆಲದ ವೇಗ 1,050, ಹೊತ್ತು 13 ಗಂಟೆ 20 ನಿಮಿಷ. ಎದುರುಗಾಳಿಯಲ್ಲಿ ವೇಗ 750, ಹೊತ್ತು 18 ಗಂಟೆ 40 ನಿಮಿಷ. ಒಟ್ಟು 32 ಗಂಟೆ. ಗಾಳಿಯೇ ಇಲ್ಲದಿದ್ದರೆ ಹೋಗಿಬರಲು ಸುಮಾರು 31 ಗಂಟೆ ಸಾಕಿತ್ತು. ಎದುರುಗಾಳಿ ವೇಗವನ್ನು ತಗ್ಗಿಸುವುದರಿಂದ ಅದರ ಬಾಯಲ್ಲಿ ನಾವು ಹೆಚ್ಚು ಹೊತ್ತು ಇರುತ್ತೇವೆ; ನೆರವು ಬೇಗ ಮುಗಿಯುತ್ತದೆ, ಅಡ್ಡಿ ಉದ್ದವಾಗುತ್ತದೆ. ಆದ್ದರಿಂದಲೇ ಹೋಗುವ ದಾರಿಯಲ್ಲಿ ಹಿಂದೆ ಬರುವುದು ಜಾಣತನವಲ್ಲ. ಬರುವುದಕ್ಕೆ ಬೇರೆಯೇ ದಾರಿ ಹುಡುಕಬೇಕು. ಏಳನೆಯ ಸಾಲಿನ ಮೂಲ ಇಲ್ಲಿದೆ.

‘ವೇಳೆಯ ವ್ಯತ್ಯಾಸ: 13 ಗಂಟೆ 30 ನಿಮಿಷ’

ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನಮ್ಮ ಗಡಿಯಾರ 82.5 ಡಿಗ್ರಿಯದು, ಆದ್ದರಿಂದ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಕ್ಯಾಲಿಫೋರ್ನಿಯ ಚಳಿಗಾಲದಲ್ಲಿ ಗ್ರೀನಿಚ್‌ಗಿಂತ ಎಂಟು ಗಂಟೆ ಹಿಂದೆ. ಕೂಡಿದರೆ ಹದಿಮೂರೂವರೆ. ನಮ್ಮ ಸೋಮವಾರ ಬೆಳಿಗ್ಗೆ ಎಂಟು ಎಂದರೆ ಅಲ್ಲಿ ಭಾನುವಾರ ಸಂಜೆ ಆರೂವರೆ.

ಈ ಸಾಲು ವರ್ಷವಿಡೀ ನಿಜವಲ್ಲ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ. ಬೇಸಿಗೆಯ ಆ ತಿಂಗಳುಗಳಲ್ಲಿ ವ್ಯತ್ಯಾಸ ಹನ್ನೆರಡೂವರೆ. ಹಳೆಯ ಪಟ್ಟಿ ಇಟ್ಟುಕೊಂಡು ಲೆಕ್ಕ ಹಾಕುವವರು ಇದನ್ನು ಗಮನಿಸಬೇಕು.

ಹಬ್ಬದ ದಿನದ ಗೊಂದಲಕ್ಕೂ ಬೇರು ಇದೇ. ತಿಥಿ ಚಂದ್ರ ಮತ್ತು ಸೂರ್ಯರ ನಡುವಿನ ಕೋನದಿಂದ ಆದದ್ದು, ಅದು ಇಡೀ ಭೂಮಿಗೆ ಒಂದೇ ಕ್ಷಣದಲ್ಲಿ ಬದಲಾಗುತ್ತದೆ. ಆದರೆ ಬಹುಪಾಲು ಹಬ್ಬಗಳಿಗೆ ನಾವು ಹಿಡಿಯುವುದು ಸೂರ್ಯೋದಯಕ್ಕೆ ಇರುವ ತಿಥಿ, ಸೂರ್ಯೋದಯವೋ ಊರಿಗೊಂದು. ಹಾಗಾಗಿ ಬಸವನಗುಡಿಯಲ್ಲಿ ಮಂಗಳವಾರ ಬಂದ ಏಕಾದಶಿ ಕ್ಯಾಲಿಫೋರ್ನಿಯದ ಸನಿವೇಲ್‌ನಲ್ಲಿ ಸೋಮವಾರವೇ ಬಂದಿರಬಹುದು. ಅಲ್ಲಿನ ಸೊಸೆ ಒಂದು ದಿನ ಮೊದಲು ಉಪವಾಸ ಮಾಡಿದರೆ ಅವಳ ಪಂಚಾಂಗ ಸರಿಯಾಗಿಯೇ ಇದೆ ಎಂದು ತಿಳಿಯಬೇಕು.

ದೇಹದ ವಿಷಯ ಹೇಳದೆ ಈ ಸಾಲನ್ನು ಬಿಡಲಾಗದು. ನಮ್ಮ ಜೀವಕೋಶಗಳೊಳಗೆ ಸುಮಾರು 24 ಗಂಟೆಗೆ ಒಂದು ಸುತ್ತು ಹಾಕುವ ಗಡಿಯಾರವಿದೆ. ನೊಣಗಳಲ್ಲಿ ಅದರ ಯಂತ್ರವನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು. ಬೆಳಕು ಆ ಗಡಿಯಾರವನ್ನು ತಿದ್ದುತ್ತದೆ, ಆದರೆ ದಿನಕ್ಕೆ ಒಂದು ಗಂಟೆಯಷ್ಟು ಮಾತ್ರ. ಹದಿಮೂರೂವರೆ ಗಂಟೆಯ ಅಂತರವೆಂದರೆ ಹಗಲು ರಾತ್ರಿ ಪೂರ್ತಿ ಅದಲುಬದಲು. ಹೋದ ಮೊದಲ ವಾರ ಹಿರಿಯರು ನಡುರಾತ್ರಿ ಎದ್ದು ಕಾಫಿ ಮಾಡಿಕೊಂಡರೆ ಅದು ಹಟವಲ್ಲ, ಅವರ ಕೋಶಗಳಿಗೆ ಅದು ಮಧ್ಯಾಹ್ನ. ಬೆಳಗಿನ ಹೊತ್ತು ಹೊರಗೆ ಬಿಸಿಲಿನಲ್ಲಿ ನಡೆಸುವುದು ನಿದ್ದೆ ಮಾತ್ರೆಗಿಂತ ಒಳ್ಳೆಯದು. ಇನ್ಸುಲಿನ್ ತೆಗೆದುಕೊಳ್ಳುವವರು ‘ರಾತ್ರಿಯ ಡೋಸ್’ ಯಾವ ರಾತ್ರಿಗೆ ಎಂಬುದನ್ನು ಹೊರಡುವ ಮೊದಲೇ ವೈದ್ಯರ ಹತ್ತಿರ ಬರೆಸಿಕೊಳ್ಳಬೇಕು.

‘ಹೊರಡುವುದು ಸೋಮವಾರ ಮಧ್ಯಾಹ್ನ 2:30, ತಲುಪುವುದು ಸೋಮವಾರ ಸಂಜೆ 5:00’

ಎರಡೂವರೆಗೆ ಹದಿನಾರು ಸೇರಿಸಿದರೆ ಮಂಗಳವಾರ ಬೆಳಿಗ್ಗೆ ಆರೂವರೆ. ಅದರಲ್ಲಿ ಹದಿಮೂರೂವರೆ ಕಳೆದರೆ ಸೋಮವಾರ ಸಂಜೆ ಐದು. ಲೆಕ್ಕ ಮುಗಿಯಿತು.

ಆದರೆ ಕಿಟಕಿಯ ಪಕ್ಕ ಕೂತವರಿಗೆ ಆಗುವ ಅನುಭವ ಲೆಕ್ಕಕ್ಕಿಂತ ದೊಡ್ಡದು. ಪೆಸಿಫಿಕ್ ದಾರಿಯಲ್ಲಿ ವಿಮಾನ ಸೂರ್ಯನಿಗೆ ಬೆನ್ನು ಮಾಡಿ ಓಡುತ್ತದೆ. ಸೋಮವಾರದ ಸಂಜೆ ಬೇಗ ಬೀಳುತ್ತದೆ, ರಾತ್ರಿಯೂ ಬೇಗ ಸವೆಯುತ್ತದೆ. ನಡುವೆ ಎಲ್ಲೋ ಕೆಳಗಿನ ಊರುಗಳಲ್ಲಿ ಮಂಗಳವಾರ ಹುಟ್ಟಿರುತ್ತದೆ. ಆಮೇಲೆ 180 ಡಿಗ್ರಿಯ ದಿನಾಂಕ ರೇಖೆ ದಾಟಿದೊಡನೆ ಮತ್ತೆ ಸೋಮವಾರ. ಸಮುದ್ರದ ಮೇಲೆ ಸೂರ್ಯ ಇನ್ನೊಮ್ಮೆ ಹುಟ್ಟುತ್ತಾನೆ, ಅದೇ ಸೋಮವಾರದ ಎರಡನೆಯ ಹಗಲು. ಒಂದು ವಾರದ ಹೆಸರಿನಡಿ ಎರಡು ಹಗಲು, ನಡುವೆ ಒಂದು ರಾತ್ರಿ. 1522ರಲ್ಲಿ ಭೂಮಿಯನ್ನು ಮೊದಲು ಸುತ್ತಿಬಂದ ಹಡಗಿನ ಪಿಗಫೆಟ್ಟಾ ಎಂಬಾತ ದಿನಚರಿಯನ್ನು ತಪ್ಪಿಲ್ಲದೆ ಬರೆದಿದ್ದರೂ ಕೇಪ್ ವರ್ಡ್ ದ್ವೀಪದಲ್ಲಿ ಜನ ಗುರುವಾರ ಎಂದಾಗ ತನ್ನ ಬುಧವಾರವನ್ನು ನೋಡಿ ಬೆರಗಾಗಿದ್ದ. ಅವರು ಪಶ್ಚಿಮಕ್ಕೆ ಹೋಗಿ ಒಂದು ದಿನ ಕಳೆದುಕೊಂಡಿದ್ದರು. ಪೂರ್ವಕ್ಕೆ ಹೋಗುವ ನಮಗೆ ಅದು ಹೆಚ್ಚುವರಿಯಾಗಿ ಸಿಗುತ್ತದೆ.

‘ಹಿಂದಿರುಗುವಾಗ: ಹೊರಡುವುದು ಶನಿವಾರ ರಾತ್ರಿ 8:30, ತಲುಪುವುದು ಸೋಮವಾರ ಬೆಳಗಿನ ಜಾವ 3:45. ಅವಧಿ 17 ಗಂಟೆ 45 ನಿಮಿಷ’

ಪೂರ್ವಕ್ಕೆ ಹೋಗುವವರು ಜೆಟ್ ಸ್ಟ್ರೀಮನ್ನು ಹುಡುಕಿಕೊಂಡು ಹೋಗುತ್ತಾರೆ, ಪಶ್ಚಿಮಕ್ಕೆ ಬರುವವರು ಅದರಿಂದ ತಪ್ಪಿಸಿಕೊಳ್ಳಬೇಕು. ತಪ್ಪಿಸಿಕೊಳ್ಳುವ ಜಾಗ ಉತ್ತರ ಧ್ರುವ. 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟ ಬೋಯಿಂಗ್ 777-200ಎಲ್‌ಆರ್ ವಿಮಾನ ಧ್ರುವದ ದಾರಿ ಹಿಡಿದು 11ರ ಸೋಮವಾರ ಬೆಳಗಿನ ಜಾವ ದೇವನಹಳ್ಳಿಯಲ್ಲಿ ಇಳಿಯಿತು. ಕಾಕ್‌ಪಿಟ್‌ನಲ್ಲಿದ್ದ ನಾಲ್ವರೂ ಮಹಿಳೆಯರು: ಕ್ಯಾಪ್ಟನ್ ಝೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವಣೆ, ಶಿವಾನಿ ಮನ್ಹಾಸ್. ಅದಕ್ಕೂ ಮೊದಲು 2019ರ ಆಗಸ್ಟ್ 15ರಂದು ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನವನ್ನು ಏರ್ ಇಂಡಿಯಾ ಧ್ರುವದ ಮೇಲಿನಿಂದ ಕಳಿಸಿತ್ತು.

ಧ್ರುವಕ್ಕೆ ಹೋಗುವುದೆಂದರೆ ಭಾರಿ ಸುತ್ತು ಎಂದು ತೋರುತ್ತದೆ. ಲೆಕ್ಕ ಹಾಕಿದರೆ ನಂಬುವುದೇ ಕಷ್ಟ. ಸ್ಯಾನ್ ಫ್ರಾನ್ಸಿಸ್ಕೊದಿಂದ ಧ್ರುವಕ್ಕೆ 52.4 ಡಿಗ್ರಿ, ಧ್ರುವದಿಂದ ಬೆಂಗಳೂರಿಗೆ 76.8, ಒಟ್ಟು 129.2 ಡಿಗ್ರಿ. ದಾರ ಎಳೆದಾಗ ಬಂದದ್ದು 125.8. ವ್ಯತ್ಯಾಸ ಮೂರೂವರೆ ಡಿಗ್ರಿಯ ಒಳಗೆ, ಅಂದರೆ 400 ಕಿಲೋಮೀಟರಿಗೂ ಕಡಿಮೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವಷ್ಟು ಹೆಚ್ಚುವರಿ ದೂರ ಹಾರಿದರೆ ಭೂಮಿಯ ನೆತ್ತಿಯನ್ನೇ ದಾಟಿ ಬರಬಹುದು. ಎರಡೂ ಊರುಗಳು ಧ್ರುವದ ಎರಡು ಮಗ್ಗುಲಿನಲ್ಲಿ ಹೆಚ್ಚುಕಡಿಮೆ ಎದುರುಬದುರು ಇರುವುದೇ ಇದಕ್ಕೆ ಕಾರಣ.

ಆದರೆ ಆ ದಾರಿ ಸುಲಭದ್ದಲ್ಲ. ಶೀತಲ ಸಮರ ಮುಗಿದು ರಷ್ಯಾ ಒಪ್ಪುವ ತನಕ ಧ್ರುವ ದಾಟಿ ಸೈಬೀರಿಯದ ಮೇಲೆ ಬರಲು ಪ್ರಯಾಣಿಕರ ವಿಮಾನಗಳಿಗೆ ದಾರಿ ಇರಲಿಲ್ಲ. ಅಲ್ಲಿ ಕಾಂತದ ದಿಕ್ಸೂಚಿ ನಂಬಿಕೆಗೆ ಅರ್ಹವಲ್ಲ. ಧ್ರುವದ ತನಕ ಉತ್ತರಕ್ಕೆ ಹೋಗುತ್ತಿದ್ದ ವಿಮಾನ ಒಂದಿಷ್ಟೂ ತಿರುಗದೆ ಮರುಕ್ಷಣ ದಕ್ಷಿಣಕ್ಕೆ ಹೋಗುತ್ತಿರುತ್ತದೆ. ಸಮಭಾಜಕದ ಮೇಲೆ ನಿಂತಿರುವ ಸಂಪರ್ಕ ಉಪಗ್ರಹಗಳು 82 ಡಿಗ್ರಿಯಾಚೆ ದಿಗಂತದ ಕೆಳಗೆ ಇಳಿದುಬಿಡುತ್ತವೆ, ಆಗ ಹಳೆಯ ಶಾರ್ಟ್‌ವೇವ್ ರೇಡಿಯೊ ಬೇಕು. ಸೂರ್ಯನಲ್ಲಿ ಸ್ಫೋಟವಾದರೆ ಆ ರೇಡಿಯೊ ಕೂಡ ಮಂಕಾಗುತ್ತದೆ. ಹೊರಗಿನ ಚಳಿಗೆ ಇಂಧನದ ತಾಪವನ್ನು ಕಾಯಬೇಕು; ಜೆಟ್ ಎ ಇಂಧನ ಮೈನಸ್ 40 ಡಿಗ್ರಿಗೆ, ಜೆಟ್ ಎ-1 ಮೈನಸ್ 47ಕ್ಕೆ ಗಟ್ಟಿಯಾಗತೊಡಗುತ್ತದೆ. ಹಾಗಾದರೆ ಕೆಳಕ್ಕೆ ಇಳಿಯಬೇಕು ಅಥವಾ ವೇಗ ಹೆಚ್ಚಿಸಬೇಕು. ಅಮೆರಿಕದ ನಿಯಮದ ಪ್ರಕಾರ ಧ್ರುವದ ಮೇಲೆ ಹಾರುವ ವಿಮಾನದಲ್ಲಿ ಚಳಿಯಿಂದ ಕಾಪಾಡುವ ವಿಶೇಷ ಉಡುಪು ಕಡೇಪಕ್ಷ ಎರಡಾದರೂ ಇರಬೇಕು, ಹೆಪ್ಪುಗಟ್ಟಿದ ಯಾವುದೋ ರನ್‌ವೇಯಲ್ಲಿ ಇಳಿದರೆ ಸಿಬ್ಬಂದಿ ಹೊರಗೆ ಕಾಲಿಡಬೇಕಲ್ಲ.

ಜನವರಿಯಲ್ಲಿ ಈ ದಾರಿ ಹಿಡಿದರೆ ಇನ್ನೊಂದು ವಿಚಿತ್ರ ನಡೆಯುತ್ತದೆ. ಹೊರಡುವುದು ರಾತ್ರಿ. ಧ್ರುವದಲ್ಲಿ ತಿಂಗಳುಗಟ್ಟಲೆಯ ರಾತ್ರಿ. ಅದನ್ನು ದಾಟಿ ಸೈಬೀರಿಯಕ್ಕೆ ಇಳಿಯುವಷ್ಟರಲ್ಲಿ ಅಲ್ಲಿ ಸೂರ್ಯ ಮುಳುಗಿರುತ್ತಾನೆ. ಬೆಂಗಳೂರು ತಲುಪುವುದು ಬೆಳಗಿನ ಜಾವ. ಹದಿನೇಳೂ ಮುಕ್ಕಾಲು ಗಂಟೆಯಲ್ಲಿ ಒಂದು ಕ್ಷಣವೂ ಹಗಲಿಲ್ಲ. ಪಟ್ಟಿಯಲ್ಲಿ ಶನಿವಾರ ಆದ ಮೇಲೆ ಸೋಮವಾರ ಬರುತ್ತದೆ. ಭಾನುವಾರ ಬಂದು ಹೋಗಿರುತ್ತದೆ, ಸೂರ್ಯನಿಲ್ಲದೆ.

‘ನಡುವೆ ನಿಲುಗಡೆ: ಇಲ್ಲ’

ಮೊದಲು ಒಂದು ಎಚ್ಚರಿಕೆ. ಕೆಲವು ಟಿಕೆಟ್‌ಗಳಲ್ಲಿ ‘ಡೈರೆಕ್ಟ್’ ಎಂದಷ್ಟೇ ಇದ್ದರೆ ವಿಮಾನದ ನಂಬರ್ ಒಂದೇ ಇದ್ದು ನಡುವೆ ಇಳಿದು ಹೊರಡುವುದೂ ಇರಬಹುದು. ‘ನಾನ್‌ಸ್ಟಾಪ್’ ಇದೆಯೇ ನೋಡಿ.

ನಿಲ್ಲದೆ ಹೋಗಬೇಕಾದರೆ ಇಂಧನವನ್ನೆಲ್ಲ ಹೊತ್ತೇ ಏಳಬೇಕು. 777-200ಎಲ್‌ಆರ್ ವಿಮಾನದ ಟ್ಯಾಂಕುಗಳಿಗೆ ಸುಮಾರು 1,81,000 ಲೀಟರ್ ಹಿಡಿಸುತ್ತದೆ, ತೂಕದಲ್ಲಿ 145 ಟನ್. ಏಳುವಾಗ ಅದು ಹೊರಬಹುದಾದ ಗರಿಷ್ಠ ಒಟ್ಟು ತೂಕ 347 ಟನ್. ಅಂದರೆ ಹೆಚ್ಚುಕಡಿಮೆ ಐದರಲ್ಲಿ ಎರಡು ಪಾಲು ಇಂಧನವೇ. ಮೊದಲನೆಯ ಸಾಲಿನಲ್ಲಿ ಎತ್ತಿಟ್ಟ 915 ಮೀಟರನ್ನು ಇಲ್ಲಿ ತನ್ನಿ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳು. ಮಧ್ಯಾಹ್ನದ ಬಿಸಿಲಿನಲ್ಲಿ ಇನ್ನೂ ತೆಳು. ತೆಳುಗಾಳಿಯಲ್ಲಿ ಎಂಜಿನ್ನಿನ ನೂಕುಬಲವೂ ರೆಕ್ಕೆಯ ಎತ್ತುಬಲವೂ ಕಡಿಮೆ. ಸ್ಯಾನ್ ಫ್ರಾನ್ಸಿಸ್ಕೊದ ತಂಪಾದ ಸಮುದ್ರದಂಡೆಯಿಂದ ಏಳುವಷ್ಟು ಸಲೀಸಾಗಿ ತುಂಬಿದ ವಿಮಾನ ದೇವನಹಳ್ಳಿಯಿಂದ ಏಳುವುದಿಲ್ಲ. ನಮ್ಮ ನಿಲ್ದಾಣದ ರನ್‌ವೇಗಳು 4,000 ಮೀಟರ್ ಉದ್ದವಾಗಿರುವುದು ಸುಮ್ಮನೆ ಅಲ್ಲ. ಇದೇ ಜಾತಿಯ ವಿಮಾನ 2005ರ ನವೆಂಬರಿನಲ್ಲಿ ಹಾಂಗ್‌ಕಾಂಗ್‌ನಿಂದ ಪೂರ್ವಾಭಿಮುಖವಾಗಿ ಲಂಡನ್ನಿಗೆ 21,602 ಕಿಲೋಮೀಟರ್ ನಿಲ್ಲದೆ 22 ಗಂಟೆ 42 ನಿಮಿಷ ಹಾರಿತ್ತು. ಆಗ ಅದರಲ್ಲಿ ಮಾಮೂಲಿನಂತೆ ಪ್ರಯಾಣಿಕರೂ ಸರಕೂ ತುಂಬಿರಲಿಲ್ಲ.

ಇನ್ನು ಎಂಜಿನ್ ಎರಡೇ ಇರುವುದು. ಒಂದು ನಿಂತರೆ ಇನ್ನೊಂದರಿಂದ ನಿಗದಿತ ಹೊತ್ತಿನೊಳಗೆ ತಲುಪಬಲ್ಲ ನಿಲ್ದಾಣ ದಾರಿಯುದ್ದಕ್ಕೂ ಇರಬೇಕು. ಆ ಮಿತಿ ಅಮೆರಿಕದಲ್ಲಿ 1953ರಲ್ಲಿ 60 ನಿಮಿಷವಿತ್ತು, 1985ರಲ್ಲಿ 120 ಆಯಿತು, 777-200ಎಲ್‌ಆರ್‌ಗೆ 2011ರಲ್ಲಿ 330 ನಿಮಿಷದವರೆಗೂ ಒಪ್ಪಿಗೆ ಸಿಕ್ಕಿತು. ಆದ್ದರಿಂದ ‘ಇಲ್ಲ’ ಎಂದು ಬರೆದಿರುವ ಈ ಸಾಲಿನ ಹಿಂದೆ, ಬೇಕಾದರೆ ಇಳಿಯಬಹುದಾದ ಊರುಗಳ ಒಂದು ಪಟ್ಟಿ ಪೈಲಟ್‌ಗಳ ಕೈಯಲ್ಲಿ ಸದಾ ಇರುತ್ತದೆ. ಪ್ರಯಾಣಿಕರು ಅವುಗಳ ಹೆಸರನ್ನೇ ಕೇಳಿರುವುದಿಲ್ಲ.

2023ರ ಜೂನ್ 6ರಂದು ಅಂಥ ಒಂದು ಹೆಸರು ಎಲ್ಲರಿಗೂ ತಿಳಿಯಿತು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ವಿಮಾನದ ಒಂದು ಎಂಜಿನ್ನಿನಲ್ಲಿ ದೋಷ ಕಂಡು, ರಷ್ಯಾದ ಪೂರ್ವದಂಚಿನ ಮಗದಾನ್‌ನಲ್ಲಿ ಇಳಿಸಬೇಕಾಯಿತು. 216 ಪ್ರಯಾಣಿಕರು, 16 ಸಿಬ್ಬಂದಿ ಸುರಕ್ಷಿತವಾಗಿ ಇಳಿದರು. ಬದಲಿ ವಿಮಾನ ಬಂದು ಅವರನ್ನು ಕರೆದೊಯ್ದದ್ದು ಜೂನ್ 8ರಂದು. ಪೈಲಟ್‌ಗಳು ಮಾಡಬೇಕಾದದ್ದನ್ನೇ ಮಾಡಿದ್ದರು, ಆ ನಿಲ್ದಾಣ ಪಟ್ಟಿಯಲ್ಲಿ ಇದ್ದದ್ದೇ ಅದಕ್ಕಾಗಿ. ಆದರೆ ಹದಿನಾರು ಗಂಟೆಗೆಂದು ತಯಾರಾಗಿ ಹೊರಟ ವಯಸ್ಸಾದವರು ಪರಿಚಯವಿಲ್ಲದ ಚಳಿಯ ಊರಿನಲ್ಲಿ ದಿನ ಕಳೆಯಬೇಕಾಗಿ ಬರಬಹುದು, ಅವರ ದೊಡ್ಡ ಪೆಟ್ಟಿಗೆಗಳು ವಿಮಾನದ ಹೊಟ್ಟೆಯಲ್ಲೇ ಉಳಿದಿರಬಹುದು. ಬಿ.ಪಿ., ಸಕ್ಕರೆ, ಥೈರಾಯ್ಡ್ ಮಾತ್ರೆಗಳನ್ನು ಒಂದು ವಾರಕ್ಕಾಗುವಷ್ಟು ಕೈಚೀಲದಲ್ಲೇ ಇಡಿ. ವೈದ್ಯರ ಚೀಟಿ, ಒಂದು ಸ್ವೆಟರ್, ಕಾಲುಚೀಲ, ಮಗಳ ಫೋನ್ ನಂಬರ್ ಬರೆದ ಕಾಗದ ಅದೇ ಚೀಲದಲ್ಲಿರಲಿ. ಇನ್ಸುಲಿನ್ ಅನ್ನು ಮಾತ್ರ ಎಂದೂ ದೊಡ್ಡ ಪೆಟ್ಟಿಗೆಗೆ ಹಾಕಬೇಡಿ, ಸರಕಿನ ಕೋಣೆಯ ಚಳಿಗೆ ಅದು ಕೆಟ್ಟುಹೋಗಬಹುದು.